ಚೀಲ ಹೊತ್ತವರು ಕಟ್ಟಿದ ಆಟ

ಗಾಲ್ಫ್ ಎಂದರೆ ದುಡ್ಡಿದ್ದವರ ಆಟ ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಮೈದಾನಗಳು ಯಾರ ಕೈಯಲ್ಲಿವೆ ಎಂದು ನೋಡಿದರೆ ಆ ಮಾತು ತಪ್ಪೆನ್ನಲಾಗದು. ಆದರೆ ಈ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡು ಅದಕ್ಕೊಂದು ಪರಂಪರೆ ಕಟ್ಟಿಕೊಟ್ಟವರ ಪಟ್ಟಿ ಹಿಡಿದು ಕೂತರೆ ಬೇರೆಯೇ ಚಿತ್ರ ಕಾಣುತ್ತದೆ. ಅಲ್ಲಿರುವವರು ಹುಲ್ಲು ನೋಡಿಕೊಳ್ಳುವ ಮಾಲಿಗಳು, ಬಡಗಿಗಳು, ಅವರ ಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಚೀಲ ಹೊತ್ತು ನಡೆದ ಕ್ಯಾಡಿ ಹುಡುಗರು. ವೃತ್ತಿಪರ ಗಾಲ್ಫ್ ಎಷ್ಟು ಬದಲಾಗಿದೆ ಎಂದು ಅಳೆಯುವಾಗ ಬಹುಮಾನದ ಮೊತ್ತ, ಹೊಡೆತದ ದೂರ ಎರಡಕ್ಕೂ ಮೊದಲು ಇವರ ಕತೆ ಕೇಳಬೇಕು.

1860ರ ಅಕ್ಟೋಬರ್ 17ರಂದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಮೊದಲ ಓಪನ್ ಚಾಂಪಿಯನ್‌ಷಿಪ್ ನಡೆದಾಗ ಕಣದಲ್ಲಿದ್ದವರು ಎಂಟೇ ಮಂದಿ. ಹನ್ನೆರಡು ಕುಳಿಗಳ ಮೈದಾನವನ್ನು ಒಂದೇ ದಿನ ಮೂರು ಸುತ್ತು ಆಡಿ, 174 ಹೊಡೆತಗಳಲ್ಲಿ ಮುಗಿಸಿದ ವಿಲ್ಲಿ ಪಾರ್ಕ್ ಗೆದ್ದರು. ಸಿಕ್ಕಿದ್ದು ಕೆಂಪು ಚರ್ಮದ ಒಂದು ಬೆಲ್ಟ್, ಅದೂ ವರ್ಷದ ಮಟ್ಟಿಗೆ. ಎರಡು ಹೊಡೆತ ಹಿಂದೆ ಉಳಿದ ಟಾಮ್ ಮಾರಿಸ್ ಅದೇ ಮೈದಾನದ ಉಸ್ತುವಾರಿಯವರು. ಆ ಹನ್ನೆರಡು ಕುಳಿಗಳನ್ನು ರೂಪಿಸಿದ್ದೂ ಅವರೇ.

ಮಾರಿಸ್ ತರುಣರಾಗಿದ್ದಾಗ ಸೇಂಟ್ ಆಂಡ್ರ್ಯೂಸ್‌ನ ಅಲನ್ ರಾಬರ್ಟ್‌ಸನ್ ಬಳಿ ಚೆಂಡು ಮಾಡುವುದನ್ನು ಕಲಿತಿದ್ದರು. ಹೊಲಿದ ಚರ್ಮದ ಒಳಗೆ ಒಂದು ಟೋಪಿ ತುಂಬುವಷ್ಟು ಒದ್ದೆ ಪುಕ್ಕವನ್ನು ಸಲಾಕೆಯಿಂದ ತುರುಕಬೇಕು. ಒಣಗುತ್ತಾ ಹೋದಂತೆ ಒಳಗಿನ ಪುಕ್ಕ ಹಿಗ್ಗುತ್ತದೆ, ಮೇಲಿನ ಚರ್ಮ ಬಿಗಿಯುತ್ತದೆ, ಚೆಂಡು ಗಟ್ಟಿಯಾಗುತ್ತದೆ. ಕೈ ಪಳಗಿದವರೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡುವುದು ಕಷ್ಟ. 1848ರ ಸುಮಾರಿಗೆ ಗಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಅಗ್ಗದ ಚೆಂಡು ಬಂತು. ಆ ಚೆಂಡಿನ ವಿಷಯಕ್ಕೇ ಗುರುಶಿಷ್ಯರ ನಡುವೆ ಮನಸ್ತಾಪವಾಗಿ ಮಾರಿಸ್ ಬೇರೆಯಾದರು. ಹೊಸ ಸಲಕರಣೆ ಹಳೆ ಕಸುಬನ್ನು ನುಂಗುವ ಜಗಳ ಗಾಲ್ಫ್‌ನಲ್ಲಿ ಅಂದಿನಿಂದಲೂ ಇದೆ. 1864ರಲ್ಲಿ ಓಪನ್ ಗೆದ್ದಾಗ ಮಾರಿಸ್ ಅವರಿಗೆ ಬಂದ ಹಣ ಆರು ಪೌಂಡ್. ಬದುಕು ನಡೆದಿದ್ದು ಹುಲ್ಲಿನಿಂದ, ಕೋಲಿನಿಂದ, ಚೆಂಡಿನಿಂದ.

ಮುಂದಿನ ತಲೆಮಾರೂ ಇಂಥದ್ದೇ. 1894ರಿಂದ 1914ರ ನಡುವೆ ಹದಿನಾರು ಓಪನ್ ಪ್ರಶಸ್ತಿಗಳನ್ನು ಹಂಚಿಕೊಂಡ ಮೂವರಲ್ಲಿ ಹ್ಯಾರಿ ವಾರ್ಡನ್ ಮತ್ತು ಜೆ.ಎಚ್. ಟೇಲರ್ ಕ್ಯಾಡಿಗಳಾಗಿದ್ದವರು, ಜೇಮ್ಸ್ ಬ್ರೇಡ್ ಮರಗೆಲಸದವರು. ಇಡೀ ದೇಶ ಇವರ ಆಟ ನೋಡಲು ಮುಗಿಬೀಳುತ್ತಿತ್ತು, ಕ್ಲಬ್‌ಹೌಸ್ ಮಾತ್ರ ಇವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಣಕ್ಕಾಗಿ ಆಡುವವನು ಕೂಲಿಯವನು, ಹಣ ಮುಟ್ಟದೆ ಆಡುವವನು ಸಭ್ಯ ಎನ್ನುವುದು ಆ ಕಾಲದ ನಂಬಿಕೆ.

ಆ ನಂಬಿಕೆಯನ್ನು ಮುರಿದವರು ಅಮೆರಿಕದ ವಾಲ್ಟರ್ ಹೇಗನ್. ಅವರೂ ರಾಚೆಸ್ಟರ್‌ನಲ್ಲಿ ಚೀಲ ಹೊತ್ತೇ ಆಟ ಕಲಿತವರು. 1920ರಲ್ಲಿ ಇಂಗ್ಲೆಂಡಿನ ಡೀಲ್‌ನಲ್ಲಿ ಓಪನ್ ಆಡಲು ಹೋದಾಗ ವೃತ್ತಿಪರರಿಗೆ ಕ್ಲಬ್‌ಹೌಸ್‌ಗೆ ಪ್ರವೇಶವಿಲ್ಲ ಎಂದರು. ಹೇಗನ್ ದೊಡ್ಡ ಕಾರೊಂದನ್ನು ಬಾಡಿಗೆಗೆ ಹಿಡಿದು, ಕ್ಲಬ್‌ಹೌಸಿನ ಎದುರಿಗೇ ನಿಲ್ಲಿಸಿ, ಅದರಲ್ಲೇ ಬಟ್ಟೆ ಬದಲಿಸಿದರು. ಆ ಸಲ ಅವರ ಆಟ ತೀರಾ ಕೆಟ್ಟಿತು, 53ನೇ ಸ್ಥಾನ. ಎರಡು ವರ್ಷ ಬಿಟ್ಟು ಬಂದು ಓಪನ್ ಗೆದ್ದರು, ಬಹುಮಾನದ ಹಣವನ್ನು ಕ್ಯಾಡಿಯ ಕೈಗಿಟ್ಟರು. ಅದೇ 1920ರಲ್ಲಿ ಅಮೆರಿಕದ ಟೊಲೆಡೊ ನಗರದ ಇನ್ವರ್ನೆಸ್ ಕ್ಲಬ್ ಯುಎಸ್ ಓಪನ್ ವೇಳೆ ವೃತ್ತಿಪರರಿಗೆ ತನ್ನ ಬಾಗಿಲು ತೆರೆದಿತ್ತು. ಆಟಗಾರರು ಕೈಯಿಂದ ಹಣ ಹಾಕಿ ಕ್ಲಬ್‌ಗೆ ಒಂದು ಎತ್ತರದ ಗಡಿಯಾರ ಕೊಟ್ಟು ಆ ಉಪಕಾರ ನೆನೆದರು. ‘ಮೇಜರ್’ ಎನಿಸಿಕೊಂಡ ಅತಿ ಪ್ರತಿಷ್ಠಿತ ಟೂರ್ನಿಗಳನ್ನು ಹನ್ನೊಂದು ಸಲ ಗೆದ್ದ ಹೇಗನ್ ಅವರ ಅತಿ ದೊಡ್ಡ ಗೆಲುವು ಯಾವುದೆಂದರೆ ವೃತ್ತಿಪರನಿಗೆ ದೊರಕಿಸಿದ ಈ ಮರ್ಯಾದೆಯೇ ಎಂದು ನಾನು ಹೇಳುತ್ತೇನೆ.

ಬಾಗಿಲು ಎಲ್ಲರಿಗೂ ಒಂದೇ ಸಲ ತೆರೆಯಲಿಲ್ಲ. ಟೆಕ್ಸಾಸ್‌ನ ಒಂದೇ ಕ್ಲಬ್ಬಿನಲ್ಲಿ ಚೀಲ ಹೊತ್ತ ಬೆನ್ ಹೋಗನ್ ಮತ್ತು ಬೈರನ್ ನೆಲ್ಸನ್ ಮುಂದೆ ದಂತಕತೆಗಳಾದರು. 1945ರ ಒಂದೇ ವರ್ಷದಲ್ಲಿ ನೆಲ್ಸನ್ ಗೆದ್ದ ಟೂರ್ನಿಗಳು ಹದಿನೆಂಟು. ಷಾರ್ಲಟ್ ನಗರದಲ್ಲಿ ಚೀಲ ಹೊತ್ತ ಚಾರ್ಲಿ ಸಿಫರ್ಡ್ ಮಾತ್ರ ಕಪ್ಪು ವರ್ಣದವರೆಂಬ ಕಾರಣಕ್ಕೆ ಹೊರಗೇ ಉಳಿದರು. ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಘ ಪಿಜಿಎ ತನ್ನ ನಿಯಮಗಳಿಂದ ‘ಬಿಳಿಯರಿಗೆ ಮಾತ್ರ’ ಎಂಬ ಷರತ್ತು ತೆಗೆದದ್ದು 1961ರಲ್ಲಿ. ಅಗಸ್ಟಾ ಮೈದಾನದಲ್ಲಿ ನಡೆಯುವ ಮಾಸ್ಟರ್ಸ್ ಟೂರ್ನಿಯಲ್ಲಿ ಮೊದಲ ಕಪ್ಪು ಆಟಗಾರರಾಗಿ ಲೀ ಎಲ್ಡರ್ ಆಡಿದ್ದು 1975ರಲ್ಲಿ. ಅದುವರೆಗೂ ಅಲ್ಲಿನ ಗ್ರೀನ್‌ಗಳ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ, ಏರಿಳಿತವನ್ನು ಬಿಳಿಯ ವಿಜೇತರಿಗೆ ಓದಿ ಹೇಳುತ್ತಿದ್ದವರು ಅಗಸ್ಟಾದ ಕಪ್ಪು ಕ್ಯಾಡಿಗಳೇ. 1997ರಲ್ಲಿ ಇಪ್ಪತ್ತೊಂದರ ಟೈಗರ್ ವುಡ್ಸ್ ಅದೇ ಮೈದಾನದಲ್ಲಿ ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದಾಗ ಸಿಫರ್ಡ್, ಎಲ್ಡರ್ ಅವರ ದುಡಿಮೆಗೆ ಫಲ ಸಿಕ್ಕಿತ್ತು.

ಈ ನಡುವೆ ಟೆಲಿವಿಷನ್ ಬಂತು, ಅದರ ಜೊತೆ ಆರ್ನಾಲ್ಡ್ ಪಾಮರ್ ಬಂದರು. ಅವರ ತಂದೆ ಪೆನ್ಸಿಲ್ವೇನಿಯಾದ ಲ್ಯಾಟ್ರೋಬ್ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದರು. ಸದಸ್ಯರ ಮಕ್ಕಳು ಈಜುವ ಕೊಳಕ್ಕೆ ಈ ನೌಕರನ ಮಗ ಇಳಿಯುವಂತಿರಲಿಲ್ಲ. 1971ರಲ್ಲಿ ಪಾಮರ್ ಆ ಕ್ಲಬ್ಬನ್ನೇ ಕೊಂಡರು. ವೃತ್ತಿಪರನ ನಸೀಬು ಎಷ್ಟು ಬದಲಾಯಿತು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂದು ಲಿವ್ ಗಾಲ್ಫ್ ಎಂಬ ವೃತ್ತಿಪರ ಸರಣಿಯ ಒಂದು ಟೂರ್ನಿ ಗೆದ್ದರೆ 40 ಲಕ್ಷ ಡಾಲರ್.

ಹಣದ ಜೊತೆಗೆ ಆಟಗಾರನ ಮೈಕಟ್ಟು, ಅವನ ಕೈಯ ಕೋಲು ಎಲ್ಲವೂ ಬದಲಾದವು. 1980ರಲ್ಲಿ ಅಮೆರಿಕದ ಟೂರ್‌ನಲ್ಲಿ ಡ್ರೈವ್‌ನ ಸರಾಸರಿ ದೂರ 257 ಗಜದ ಆಸುಪಾಸಿನಲ್ಲಿತ್ತು, ಈಗ 300 ಗಜದ ಅಂಚಿಗೆ ಬಂದಿದೆ. ಮರದ ತಲೆಯ ಜಾಗಕ್ಕೆ ಲೋಹ ಬಂತು, ಚೆಂಡಿನ ಒಳಪದರ ಬದಲಾಯಿತು, ಆಟಗಾರರು ಜಿಮ್ ಹಿಡಿದರು. ವುಡ್ಸ್ ಗೆದ್ದಾಗ 7,000 ಗಜಕ್ಕಿಂತ ಕಡಿಮೆಯಿದ್ದ ಅಗಸ್ಟಾ ಮೈದಾನ ಇಂದು 7,500 ದಾಟಿದೆ. ಸ್ವಿಂಗಿನ ಪ್ರತಿ ಕೋನವನ್ನೂ ರಾಡಾರ್ ಯಂತ್ರ ಅಳೆದು ಹೇಳುತ್ತದೆ. ಇಂದಿನ ನೂರನೇ ಶ್ರೇಯಾಂಕದ ಆಟಗಾರನ ಹೊಡೆತದ ಶುದ್ಧಿ ಕಂಡರೆ ವಾರ್ಡನ್ ಕೂಡ ತಲೆದೂಗುತ್ತಿದ್ದರು. ಇದನ್ನು ಅಲ್ಲಗಳೆಯುವ ಹಳಬರ ಜೊತೆ ನಾನಿಲ್ಲ.

ಆದರೆ ಯಂತ್ರ ಕಲಿಸಲಾರದ ಒಂದು ವಿದ್ಯೆ ಇದೆ, ಅದು ಕ್ಯಾಡಿಯ ವಿದ್ಯೆ. ಗ್ರೀನ್ ಮೇಲೆ ಚೆಂಡಿನ ಹಿಂದೆ ಕೂತು ನೋಡಿ. ಕುಳಿಯ ಕಡೆಗಿನ ಬರ್ಮುಡಾ ಹುಲ್ಲು ಬೆಳಕಿಗೆ ಮಿನುಗುತ್ತಿದ್ದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ ಎಂದರ್ಥ, ಚೆಂಡು ನೀವೆಣಿಸಿದ್ದಕ್ಕಿಂತ ಮುಂದೆ ಓಡುತ್ತದೆ. ಮಂಕಾಗಿ ಕಂಡರೆ ಹುಲ್ಲಿನ ತುದಿ ನಿಮ್ಮ ಕಡೆಗಿದೆ, ಹೊಡೆತಕ್ಕೆ ಇನ್ನಷ್ಟು ಬಲ ಬೇಕು. ಹತ್ತಾರು ಬಗೆಯ ಆಟಗಾರರು ಸಾವಿರ ಸಲ ತಪ್ಪಿದ್ದನ್ನು ಪಕ್ಕದಲ್ಲೇ ನಿಂತು ಕಂಡವನಿಗೆ ಇದು ರಕ್ತಗತ. ಇಳಿಜಾರನ್ನು ಇಂಚಿಂಚು ನಮೂದಿಸಿದ ಪುಸ್ತಕಗಳನ್ನು ಪಿಜಿಎ ಟೂರ್ 2022ರಿಂದ ನಿಲ್ಲಿಸಿದ್ದು ಈ ಕಣ್ಣಿಗೆ ಮತ್ತೆ ಬೆಲೆ ಬರಲಿ ಎಂದೇ. ಸ್ಪೇನಿನ ಸೆವೆ ಬ್ಯಾಲೆಸ್ಟರೋಸ್ ಹುಡುಗನಾಗಿ ಕಡಲ ದಂಡೆಯಲ್ಲಿ ಒಂದೇ ಒಂದು ಮೂರನೇ ನಂಬರಿನ ಐರನ್ ಹಿಡಿದು ಎತ್ತರದ, ತಗ್ಗಿನ, ಬಾಗಿದ ಹೊಡೆತಗಳನ್ನೆಲ್ಲ ಕಲಿತರು. ಆ ಕೈಚಳಕ ಅವರಿಗೆ ಓಪನ್ ಪ್ರಶಸ್ತಿಯನ್ನು ಮೂರು ಸಲ ತಂದುಕೊಟ್ಟಿತು.

ಪಶ್ಚಿಮದಲ್ಲಿ ಬ್ಯಾಟರಿ ಗಾಡಿ ಬಂದು ಕ್ಯಾಡಿಯ ಕೆಲಸ ಕಿತ್ತುಕೊಂಡಾಗ ಈ ಪಾಠಶಾಲೆಯೂ ಮುಚ್ಚತೊಡಗಿತು. ನಮ್ಮ ದೇಶದಲ್ಲಿ ಅದು ಇನ್ನೂ ಉಸಿರಾಡುತ್ತಿದೆ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಅಲಿ ಶೇರ್, ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ಅದನ್ನು 2016 ಮತ್ತು 2017ರಲ್ಲಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಕೋಲ್ಕತ್ತದ ಮಾಲಿಯ ಮಗ. 2009ರಲ್ಲಿ ಪ್ಲೇಆಫ್‌ನಲ್ಲಿ ಕೊರಿಯಾದ ಆಟಗಾರನನ್ನು ಮಣಿಸಿ ಅದೇ ಪ್ರಶಸ್ತಿ ಎತ್ತಿದ ಸಿ. ಮುನಿಯಪ್ಪ ನಮ್ಮ ಬೆಂಗಳೂರಿನ ಕ್ಯಾಡಿ. ಬಿಡದಿ ಬಳಿಯ ರೆಸಾರ್ಟ್ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದ ಹಳ್ಳಿ ಹುಡುಗ ಚಿಕ್ಕರಂಗಪ್ಪ, ಕೋಚ್ ವಿಜಯ್ ದಿವೇಚಾ ಕಣ್ಣಿಗೆ ಬಿದ್ದು ವೃತ್ತಿಪರ ಆಟಗಾರನಾದ.

ಇನ್ನೊಂದು ದಾರಿಯೂ ಇಲ್ಲಿ ಬೆಳೆದಿದೆ, ಅದರ ಬಗ್ಗೆ ನನಗೆ ಅಷ್ಟೇ ಹೆಮ್ಮೆ. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ಹದಿನೆಂಟು ವರ್ಷ, ಚೀಲ ಹೊತ್ತವರು ಅಪ್ಪ. ಟೋಕಿಯೊದಲ್ಲಿ ಚೀಲ ಹೊತ್ತವರು ಅಮ್ಮ. ಅಲ್ಲಿ ದೂರ ಹೊಡೆಯುವುದರಲ್ಲಿ ಅದಿತಿ ತೀರಾ ಹಿಂದಿದ್ದರು, ಆದರೂ ಪಟ್ಟರ್ ಒಂದನ್ನೇ ನಂಬಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಬಲವೇ ಎಲ್ಲ ಎನ್ನುವ ಈ ಕಾಲಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಮೈಸೂರಿನ ಪ್ರಣವಿ ಅರಸ್ ಕೂಡ ಯುರೋಪಿನ ಮಹಿಳಾ ಟೂರ್ ತಲುಪಿದ್ದಾರೆ.

ಆದರೆ ಈ ಎರಡನೆಯ ದಾರಿಗೆ ಹಣ ಬೇಕು, ಬಾಲ್ಯದಿಂದ ಕೋಚ್ ಬೇಕು, ಜೊತೆಗೆ ತಿರುಗುವ ತಂದೆತಾಯಿ ಬೇಕು. ಮುನಿಯಪ್ಪನ ದಾರಿಗೆ ಬೇಕಾದದ್ದು ಮೈದಾನವೊಂದೇ. ಹಲವು ಕ್ಲಬ್‌ಗಳಲ್ಲಿ ರಜೆಯ ದಿನವಾದ ಸೋಮವಾರ ಕ್ಯಾಡಿಗಳಿಗೆ ಆಡಲು ಬಿಡುವ ಪದ್ಧತಿ ಇದೆ. ಆ ಒಂದು ದಿನವನ್ನು ಯಾವ ಕ್ಲಬ್ಬೂ ಕಿತ್ತುಕೊಳ್ಳಬಾರದು. ಕ್ಯಾಡಿಗಳಿಗೂ ಅವರ ಮಕ್ಕಳಿಗೂ ಅಭ್ಯಾಸದ ಜಾಗ, ಹಳೆಯ ಒಂದು ಸೆಟ್, ಟೂರ್ನಿಯ ಪ್ರವೇಶ ಶುಲ್ಕ ಕೊಡುವುದು ಸದಸ್ಯರಿಗೆ ಭಾರವಾಗದು. ಗಾಲ್ಫ್ ಆಡುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ಕ್ಲಬ್ಬಿನ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ.