ಚಕ್ರದ ಮೇಲಿನ ಉಗ್ರಾಣ

2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಕೆಲವು ಸೂಪರ್ ಮಾರ್ಕೆಟ್‌ಗಳ ತರಕಾರಿ ಕಪಾಟಿನಲ್ಲಿ ಕ್ಯಾರೆಟ್ ಇರಲಿಲ್ಲ, ಕ್ಯಾರೆಟ್ಟಿನ ಚಿತ್ರ ಇತ್ತು. ಆಸ್ಪ್ಯಾರಗಸ್, ಕಿತ್ತಳೆ, ದ್ರಾಕ್ಷಿಗಳೂ ರಟ್ಟಿನ ಮೇಲೆ ಅಚ್ಚಾಗಿ ಸಾಲಾಗಿ ನಿಂತಿದ್ದವು. ಪತ್ರಿಕೆಗಳು ಫೋಟೊ ಹಾಕಿ ನಕ್ಕವು. ಇದು ಮೊದಲಿನಿಂದಲೂ ಇರುವ ರೂಢಿ, ಈಗಿನ ಕೊರತೆಗೂ ಇದಕ್ಕೂ ನಂಟಿಲ್ಲ ಎಂದು ಅಂಗಡಿಯವರು ಸಮಜಾಯಿಷಿ ಕೊಟ್ಟರು. ಇರಬಹುದು. ಆದರೂ ಕಪಾಟು ಖಾಲಿಯಿದೆಯೆಂದು ಗಿರಾಕಿಗೆ ತಿಳಿಯದಂತೆ ನೋಡಿಕೊಳ್ಳುವ ಜಾಣ್ಮೆಯನ್ನು ಇಷ್ಟೊಂದು ಬೆಳೆಸಿಕೊಂಡ ವ್ಯಾಪಾರ, ಕಪಾಟು ಖಾಲಿಯಾಗದಂತೆ ನೋಡಿಕೊಳ್ಳುವುದರಲ್ಲಿ ಎಡವಿದ್ದೆಲ್ಲಿ ಎಂದು ಕೇಳಲೇಬೇಕಾಗುತ್ತದೆ.

ಆ ವ್ಯಾಪಾರದ ಜೀವಾಳ ‘ಜಸ್ಟ್ ಇನ್ ಟೈಮ್’ ಪದ್ಧತಿ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಬಿಡಿಭಾಗಗಳಿಗಾಗಿ ರೂಪುಗೊಂಡ ಲೆಕ್ಕಾಚಾರವನ್ನು ದೊಡ್ಡ ಅಂಗಡಿಗಳು ಹಾಲು, ಬ್ರೆಡ್ಡು, ಸೊಪ್ಪಿಗೂ ಹಚ್ಚಿದವು. ಬಿಲ್ಲಿಂಗ್ ಕೌಂಟರಿನಲ್ಲಿ ಬಾರ್‌ಕೋಡ್ ಸದ್ದು ಮಾಡಿದೊಡನೆ ಒಂದು ಹಾಲಿನ ಕ್ಯಾನು ಖರ್ಚಾಯಿತೆಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಬೇಡಿಕೆ ಪ್ರಾದೇಶಿಕ ವಿತರಣಾ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಲಾರಿ ಹೊರಡುತ್ತದೆ. ಅಂಗಡಿಯ ಹಿಂಬದಿಯ ದಾಸ್ತಾನು ಕೋಣೆ ಕಿರಿದಾಗುತ್ತ ಬಂದು, ಮಾರಾಟದ ಜಾಗ ಹಿಗ್ಗಿತು. ಲಾಭವೇನೂ ಸುಳ್ಳಲ್ಲ: ಕೊಳೆತು ಎಸೆಯುವುದು ಕಡಿಮೆ, ದಾಸ್ತಾನಿನಲ್ಲಿ ಹಣ ಸಿಕ್ಕಿಕೊಳ್ಳುವುದಿಲ್ಲ, ಮಾಲು ತಾಜಾ. ಯುರೋಪಿನಲ್ಲಿ ಆಹಾರಕ್ಕೆ ಮನೆಖರ್ಚಿನ ಬಹಳ ಸಣ್ಣ ಪಾಲು ತೆಗೆದಿಡುವ ದೇಶಗಳಲ್ಲಿ ಬ್ರಿಟನ್ ಒಂದು. ತಿನ್ನುವುದರಲ್ಲಿ ಹೆಚ್ಚೂಕಡಿಮೆ ಅರ್ಧ ಹೊರಗಿನಿಂದ ಬಂದರೂ ಈ ಅಗ್ಗ ಸಾಧ್ಯವಾದದ್ದಕ್ಕೆ ಪದ್ಧತಿಗೂ ಶ್ರೇಯಸ್ಸು ಸಲ್ಲಬೇಕು.

ಆದರೆ ಉಗ್ರಾಣ ಮಾಯವಾಗಲಿಲ್ಲ, ಹೆದ್ದಾರಿಗೆ ಇಳಿಯಿತು. ಅದನ್ನು ಕಾಯುವ ಕೆಲಸ ಲಾರಿ ಚಾಲಕನ ಪಾಲಿಗೆ ಬಂತು, ಕಾಯುವ ಕೂಲಿ ಮಾತ್ರ ಜೊತೆಗೆ ಬರಲಿಲ್ಲ.

ವಿತರಣಾ ಕೇಂದ್ರದ ಗೇಟಿನಲ್ಲಿ ಪ್ರತಿ ಲಾರಿಗೂ ಸಮಯ ಗೊತ್ತುಮಾಡಿರುತ್ತಾರೆ. ಬೇಗ ಬಂದರೆ ಒಳಗೆ ಬಿಡುವುದಿಲ್ಲ. ತಡವಾದರೆ ಸರದಿ ತಪ್ಪುತ್ತದೆ, ಮತ್ತೊಂದು ಸರದಿಗೆ ಗಂಟೆಗಟ್ಟಲೆ ಕಾಯಬೇಕು. ಈ ನಡುವೆ ಕ್ಯಾಬಿನ್ನಿನಲ್ಲಿ ಕೂತ ಟ್ಯಾಕೋಗ್ರಾಫ್ ಯಂತ್ರ ನಿಮಿಷ ನಿಮಿಷವನ್ನೂ ಬರೆದಿಟ್ಟುಕೊಳ್ಳುತ್ತದೆ: ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಚಾಲನೆ. ಮಿತಿ ಮುಗಿಯಿತೆಂದರೆ ನಿಲ್ಲಿಸಲೇಬೇಕು, ಮನೆ ಅರ್ಧ ಗಂಟೆಯ ದೂರದಲ್ಲಿದ್ದರೂ. ನಿಲ್ಲಿಸುವುದೆಲ್ಲಿ? ಲಾರಿ ತಂಗುದಾಣಗಳು ಸಾಲವು, ಇದ್ದಲ್ಲಿ ಬಾಡಿಗೆ ದುಬಾರಿ. ಎಷ್ಟೋ ರಾತ್ರಿ ರಸ್ತೆಯಂಚಿನ ಲೇ–ಬೈಗಳಲ್ಲೇ ಕಳೆಯುತ್ತವೆ. ಅಲ್ಲಿ ಶೌಚಾಲಯವಿಲ್ಲ, ನೀರಿಲ್ಲ, ಬಿಸಿ ಊಟದ ಮಾತಂತೂ ದೂರ. ಈ ಕಸುಬಿನವರ ಸರಾಸರಿ ವಯಸ್ಸು ಐವತ್ತರ ಆಚೀಚೆ ಇದ್ದುದರಲ್ಲಿ, ಹೆಂಗಸರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದುದರಲ್ಲಿ ಆಶ್ಚರ್ಯವೇನಿದೆ?

ಇಂಥ ಸ್ಥಿತಿಯಲ್ಲೇ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆದು ಬ್ರೆಕ್ಸಿಟ್ ಆಯಿತು. ಪೂರ್ವ ಯುರೋಪಿನ ಚಾಲಕರಲ್ಲಿ ಅನೇಕರು ಕೋವಿಡ್ ಸಮಯದಲ್ಲಿ ಊರಿಗೆ ಹೋದವರು ಹಿಂದಿರುಗಲಿಲ್ಲ. ಲಾಕ್‌ಡೌನಿನಲ್ಲಿ ಚಾಲನಾ ಪರೀಕ್ಷೆಗಳು ತಿಂಗಳುಗಟ್ಟಲೆ ನಿಂತವು. 2021ರ ಏಪ್ರಿಲಿನಲ್ಲಿ ಐಆರ್35 ಎಂಬ ತೆರಿಗೆ ನಿಯಮ ಬದಲಾಗಿ, ಗುತ್ತಿಗೆ ಲೆಕ್ಕದಲ್ಲಿ ದುಡಿಯುತ್ತಿದ್ದವರ ಕೈಗೆ ಬರುವ ಹಣ ಇಳಿಯಿತು. ಒಂದು ಲಕ್ಷ ಚಾಲಕರ ಕೊರತೆಯಿದೆ ಎಂದು ಲಾರಿ ಸಾಗಣೆದಾರರ ಸಂಘವಾದ ರೋಡ್ ಹಾಲೇಜ್ ಅಸೋಸಿಯೇಷನ್ ಅಂದಾಜು ಮಾಡಿತು. ಪೋಲೆಂಡ್, ಜರ್ಮನಿಗಳಲ್ಲೂ ಚಾಲಕರು ಸಾಲುತ್ತಿರಲಿಲ್ಲ, ಆದರೆ ಆ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಆದಂತೆ ಅಲ್ಲಿ ಪೆಟ್ರೋಲ್ ಬಂಕುಗಳು ಬತ್ತಲಿಲ್ಲ. ಉತ್ತರ ಐರ್ಲೆಂಡಿನಲ್ಲೂ ಬತ್ತಲಿಲ್ಲ. ಎಲ್ಲವನ್ನೂ ಬ್ರೆಕ್ಸಿಟ್ಟಿನ ತಲೆಗೆ ಕಟ್ಟುವವರೂ ಅದರ ಹೆಸರನ್ನೇ ಎತ್ತದ ಮಂತ್ರಿಗಳೂ, ಕೊರತೆ ಬೇರೆಡೆಯೂ ಇತ್ತು, ಬಂಕು ಬತ್ತಿದ್ದು ಮಾತ್ರ ಇಲ್ಲಿ ಎಂಬ ಈ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಲು ಒಪ್ಪಲಿಲ್ಲ.

ಆಗಸ್ಟಿನಲ್ಲಿ ಮೆಕ್‌ಡೊನಾಲ್ಡ್ಸ್‌ನಲ್ಲಿ ಮಿಲ್ಕ್‌ಶೇಕ್ ಇಲ್ಲವಾಯಿತು, ಕೋಳಿ ಸಿಗದೆ ನ್ಯಾಂಡೋಸ್ ಹತ್ತಾರು ಹೋಟೆಲುಗಳ ಬಾಗಿಲು ಹಾಕಿತು. ಜನ ನಗೆಯಾಡಿ ಸುಮ್ಮನಾದರು. ಸೆಪ್ಟೆಂಬರ್ 23ರಂದು, ಚಾಲಕರಿಲ್ಲದ ಕಾರಣ ಕೆಲವೇ ಬಂಕುಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಗಿದೆ ಎಂಬ ಬಿಪಿ ಕಂಪನಿಯ ಸುದ್ದಿ ಹೊರಬಿತ್ತು. ಮರುದಿನ ಬೆಳಗ್ಗೆಯಿಂದಲೇ ಬಂಕುಗಳ ಮುಂದೆ ಸಾಲು. ಇಂಧನಕ್ಕೆ ಕೊರತೆಯಿಲ್ಲ, ಎಂದಿನಂತೆ ಇರಿ ಎಂದು ಸಾರಿಗೆ ಸಚಿವ ಗ್ರಾಂಟ್ ಶಾಪ್ಸ್ ಹೇಳಿದಷ್ಟೂ ಸಾಲು ಉದ್ದವಾಯಿತು. ಭಾನುವಾರದ ಹೊತ್ತಿಗೆ ಸ್ವತಂತ್ರ ಬಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದ್ದವು. ಜನರ ಅವಿವೇಕವೇ ಕಾರಣ ಎಂಬ ಬೈಗುಳ ಶುರುವಾಯಿತು.

ಈ ಬೈಗುಳವನ್ನು ಸ್ವಲ್ಪ ತೂಗಿ ನೋಡಬೇಕು. ಕೋವಿಡ್ ಶುರುವಾದಾಗ, 2020ರ ಮಾರ್ಚಿನಲ್ಲಿ ನಡೆದ ಮುಗಿಬಿದ್ದ ಖರೀದಿಯ ಬಗ್ಗೆ ಮಾರುಕಟ್ಟೆ ಸಮೀಕ್ಷೆಯ ಕಾಂಟಾರ್ ಸಂಸ್ಥೆ ಲೆಕ್ಕ ಹಾಕಿದಾಗ, ಪಾಸ್ತಾ ಕೊಂಡವರಲ್ಲಿ ಅತಿಯಾಗಿ ಕೊಂಡವರು ನೂರಕ್ಕೆ ಮೂವರಷ್ಟೇ ಎಂದು ಗೊತ್ತಾಯಿತು. ಕಪಾಟು ಬರಿದಾಗಿಸಿದ್ದು ಉಳಿದವರು. ಒಂದು ಪೊಟ್ಟಣ ಹೆಚ್ಚಿಗೆ ತೆಗೆದುಕೊಂಡವರು, ಅಂಗಡಿಗೆ ಒಂದು ಸಲ ಹೆಚ್ಚಿಗೆ ಹೋದವರು. ಪೆಟ್ರೋಲಿನದೂ ಇದೇ ಗಣಿತ. ಅರ್ಧ ಟ್ಯಾಂಕಿನಲ್ಲಿ ಓಡುವ ಲಕ್ಷಾಂತರ ಕಾರುಗಳು ಒಂದೇ ದಿನ ಪೂರ್ತಿ ಟ್ಯಾಂಕ್ ಕೇಳಿದರೆ, ಯಾರೂ ಡಬ್ಬಿಯಲ್ಲಿ ಕೂಡಿಡದಿದ್ದರೂ ಬಂಕು ಬತ್ತುತ್ತದೆ. ಇದನ್ನು ದುರಾಸೆ ಎನ್ನುವುದು ಸುಲಭ. ಹೆಚ್ಚುವರಿ ಎಂಬುದನ್ನೇ ಸವರಿಹಾಕಿದ ವ್ಯವಸ್ಥೆಯಲ್ಲಿ ಇದು ಪ್ರತಿಯೊಬ್ಬನ ಮಟ್ಟಿಗೂ ಸರಿಯಾದ ಲೆಕ್ಕವೇ ಆಗಿರುತ್ತದೆ. ಕನ್ನಡಿಗರೂ ಇದಕ್ಕೆ ಹೊರತಲ್ಲ. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದಾಗ, ಸೋನಾ ಮಸೂರಿ ಅನ್ನವಿಲ್ಲದೆ ಊಟ ಮುಗಿಯದ ಅಮೆರಿಕದ ದಕ್ಷಿಣ ಭಾರತೀಯರು ಇಂಡಿಯನ್ ಸ್ಟೋರುಗಳಿಗೆ ಧಾವಿಸಿದರು. ಚೀಲದ ಮೇಲೆ ಚೀಲ ಹೇರಿದ ಗಾಡಿಗಳ ವಿಡಿಯೊ ನೋಡಿ ಗಂಗಾವತಿ, ಸಿಂಧನೂರಿನ ರೈತರು ಏನೆಂದುಕೊಂಡರೋ. ಕೆಲವು ಅಂಗಡಿಗಳು ಮನೆಗೊಂದೇ ಚೀಲ ಎಂದು ಬೋರ್ಡು ಹಾಕಿದವು.

ಇನ್ನು ಬ್ರಿಟಿಷ್ ಸರ್ಕಾರದ ಮದ್ದು. ನಿಜವಾಗಿ ಗಾಬರಿಬಿದ್ದವರು ಯಾರೆಂದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಲಾರಿ ಓಡಿಸುವ ಅರ್ಹತೆಯಿರುವ ಸುಮಾರು ಹತ್ತು ಲಕ್ಷ ಜನರಿಗೆ, ದಯವಿಟ್ಟು ಕೆಲಸಕ್ಕೆ ಮರಳಿ ಎಂದು ಪತ್ರ ಹೋಯಿತು. ಅದು ಬ್ರಿಟನ್ನಿನಲ್ಲಿ ನೆಲೆಸಿದ್ದ ಕೆಲವು ಜರ್ಮನರ ಮನೆಗಳಿಗೂ ತಲುಪಿತು. 1999ಕ್ಕಿಂತ ಮೊದಲು ಜರ್ಮನಿಯಲ್ಲಿ ಕಾರಿನ ಲೈಸೆನ್ಸ್ ಪಡೆದವರಿಗೆ 7.5 ಟನ್ನಿನ ವಾಹನ ಓಡಿಸಲೂ ಅನುಮತಿ ಇತ್ತು, ಅಷ್ಟೇ. ಲಾರಿಯ ಸ್ಟೀರಿಂಗನ್ನೇ ಮುಟ್ಟದವರು ಪತ್ರ ಹಿಡಿದು ತಬ್ಬಿಬ್ಬಾದರು. ವಿದೇಶಿ ಚಾಲಕರಿಗೆ 5,000 ತಾತ್ಕಾಲಿಕ ವೀಸಾ ಘೋಷಣೆಯಾಯಿತು, ಅವಧಿ ಡಿಸೆಂಬರ್ 24ರವರೆಗೆ. ಕ್ರಿಸ್‌ಮಸ್ ಸರಕನ್ನೆಲ್ಲ ಇಳಿಸಿಕೊಟ್ಟು ಹಬ್ಬದ ಮುನ್ನಾದಿನ ಹೊರಡಿ ಎಂಬ ಈ ಆಹ್ವಾನಕ್ಕೆ ಯಾರು ಓಗೊಟ್ಟಾರು? ಅವಧಿ ವಿಸ್ತರಿಸಿದ ಮೇಲೂ, ಅಕ್ಟೋಬರ್ ಮಧ್ಯದ ಹೊತ್ತಿಗೆ ಮಂಜೂರಾದ ವೀಸಾಗಳು ಇಪ್ಪತ್ತು ಚಿಲ್ಲರೆ ಎಂದು ಆಡಳಿತ ಪಕ್ಷದವರೇ ಒಪ್ಪಿಕೊಂಡರು. ಟ್ಯಾಂಕರ್ ಓಡಿಸಲು ಅಕ್ಟೋಬರ್ 4ರಿಂದ ಸೈನಿಕರು ಬಂದರು. ಅಷ್ಟರಲ್ಲಿ ಎಲ್ಲರ ಟ್ಯಾಂಕೂ ತುಂಬಿದ್ದರಿಂದ ಸಾಲು ತಾನಾಗಿ ಕರಗತೊಡಗಿತ್ತು.

ಕೆಲಸಕ್ಕೆ ಬಂದದ್ದು ಸಂಬಳ. ಟೆಸ್ಕೊ ಸೂಪರ್ ಮಾರ್ಕೆಟ್ ಜುಲೈನಲ್ಲೇ ಹೊಸ ಚಾಲಕರಿಗೆ 1,000 ಪೌಂಡ್ ಬೋನಸ್ ಕೊಡುತ್ತೇನೆಂದಿತ್ತು, ಉಳಿದ ಕಂಪನಿಗಳೂ ಪೈಪೋಟಿಗೆ ಬಿದ್ದವು. ಪರೀಕ್ಷೆಗಳ ಸಂಖ್ಯೆಯೂ ಏರಿತು. ರಸ್ತೆಬದಿಯ ಸೌಲಭ್ಯಕ್ಕೆ ಅಕ್ಟೋಬರಿನ ಬಜೆಟ್ಟಿನಲ್ಲಿ 3.25 ಕೋಟಿ ಪೌಂಡ್ ಸಿಕ್ಕಿತು. ದಶಕಗಳ ನಿರ್ಲಕ್ಷ್ಯಕ್ಕೆ ಅದು ಸಾಲುವ ಮೊತ್ತವಲ್ಲ. ಹಾಗಿದ್ದೂ ಚಾಲಕನ ಕಷ್ಟ ರಾಷ್ಟ್ರೀಯ ಸುದ್ದಿಯಾದದ್ದು ಆ ಬಿಕ್ಕಟ್ಟಿನಿಂದಲೇ ಎಂಬುದನ್ನು ಅಲ್ಲಗಳೆಯಲಾಗದು.

‘ಜಸ್ಟ್ ಇನ್ ಟೈಮ್’ ಪದ್ಧತಿ ಮಾತ್ರ ಕದಲಲಿಲ್ಲ. 2023ರ ಫೆಬ್ರುವರಿಯಲ್ಲಿ ಟೊಮ್ಯಾಟೊ, ಸೌತೆ, ದಪ್ಪ ಮೆಣಸಿನಕಾಯಿಗಳಿಗೆ ತಲಾ ಮೂರೇ ಎಂಬ ಮಿತಿ ಕೆಲವು ಬ್ರಿಟಿಷ್ ಅಂಗಡಿಗಳಲ್ಲಿ ಜಾರಿಗೆ ಬಂತು. ಸ್ಪೇನ್, ಮೊರಾಕ್ಕೊಗಳ ಚಳಿಗೆ ಬೆಳೆ ಕುಂಠಿತವಾಗಿತ್ತು ನಿಜ, ಆದರೆ ಅದೇ ವಾರ ಯುರೋಪಿನ ಇತರ ಊರುಗಳ ತುಂಬಿದ ಕಪಾಟುಗಳ ಫೋಟೊಗಳು ಎಲ್ಲೆಡೆ ಹರಿದಾಡಿದವು. ಲಂಡನ್ನಿನ ಮಗ್ಗುಲಲ್ಲೇ ಇರುವ ಲೀ ಕಣಿವೆಯ ಗಾಜಿನಮನೆಗಳಲ್ಲಿ ಆ ಚಳಿಗಾಲ ಅನೇಕ ಬೆಳೆಗಾರರು ಸಸಿಯನ್ನೇ ನೆಟ್ಟಿರಲಿಲ್ಲ. ಅಂಗಡಿಗಳು ಕೊಡುವ ಬೆಲೆ ಬಿಸಿ ಗಾಳಿಯ ಗ್ಯಾಸ್ ಬಿಲ್ಲಿಗೂ ಸಾಲುತ್ತಿರಲಿಲ್ಲ. ಅಂದಿನ ಆಹಾರ ಸಚಿವೆ ಥೆರೀಸ್ ಕಾಫಿ, ಆಯಾ ಋತುವಿನಲ್ಲಿ ಸಿಗುವುದನ್ನು ಜನ ತಿನ್ನಬಹುದು ಎನ್ನುತ್ತ ಸಂಸತ್ತಿನಲ್ಲಿ ಟರ್ನಿಪ್ ಗೆಡ್ಡೆಯ ಉದಾಹರಣೆ ಕೊಟ್ಟರು. ಲೀ ಕಣಿವೆಯವರ ಗ್ಯಾಸ್ ಬಿಲ್ಲಿಗೆ ಟರ್ನಿಪ್ಪು ಉತ್ತರವಾಗಲಿಲ್ಲ.