ಪಿತ್ತಕೋಶದ ಉರಿಯೂತ: ಪದವೂ ಚಿತ್ರವೂ

ಪದವೊಂದು ತನ್ನ ಅರ್ಥವನ್ನು ಎಷ್ಟರಮಟ್ಟಿಗೆ ಬೆಳಗುತ್ತದೆ, ಎಷ್ಟರಮಟ್ಟಿಗೆ ಮರೆಸುತ್ತದೆ ಎಂಬುದು ಕಾವ್ಯವಿಮರ್ಶೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಕನ್ನಡದ ವೈದ್ಯಪರಿಭಾಷೆಗೂ ಅದು ಸಲ್ಲುತ್ತದೆ. ಅಲ್ಲಿ ದೋಷವುಂಟಾದರೆ ನಷ್ಟವು ರಸಭಂಗಕ್ಕೆ ನಿಲ್ಲುವುದಿಲ್ಲ.

‘ಉರಿಯೂತ’ವೆಂಬುದು ನಿಜವಾಗಿಯೂ ಸಮರ್ಥವಾದ ಪದ. ರೋಮಿನ ಗ್ರಂಥಕಾರನಾದ ಸೆಲ್ಸಸನು ಕ್ರಿ.ಶ. 1ನೆಯ ಶತಮಾನದಲ್ಲಿ ಕೆಂಪು, ಊತ, ಬಿಸಿ, ನೋವು ಎಂದು ಎಣಿಸಿದ ನಾಲ್ಕು ಲಕ್ಷಣಗಳಲ್ಲಿ ಎರಡು ಈ ಸಮಾಸದೊಳಗೇ ಅಡಗಿವೆ. ಯೂರೋಪಿನ ಪದವು ಬೆಂಕಿಯೊಂದನ್ನೇ ಹೇಳುತ್ತದೆ. ‘ಪಿತ್ತಕೋಶ’ಕ್ಕೆ ಈ ಹೊಗಳಿಕೆ ಸಲ್ಲದು. ಬಳಕೆಯಲ್ಲಿ ಅದು ಪಿತ್ತರಸವನ್ನು ಕೂಡಿಡುವ ಚೀಲವನ್ನೂ ಸೂಚಿಸುತ್ತದೆ, ಹಲವೆಡೆ ಅದನ್ನು ಉತ್ಪಾದಿಸುವ ಯಕೃತ್ತನ್ನೂ ಸೂಚಿಸುತ್ತದೆ. ಇದರ ಮೇಲೆ, ಆಯುರ್ವೇದದ ತ್ರಿದೋಷಗಳಲ್ಲೊಂದಾದ ಪಿತ್ತವು ಬೇರೆಯೇ ಆದ ಪದಾರ್ಥ. ಪಿತ್ತ ನೆತ್ತಿಗೇರಿತೆಂದು ಆಡಿಕೊಳ್ಳುವ ಜನರು ವೈದ್ಯನ ಬಾಯಲ್ಲಿ ಆ ಪದವನ್ನು ಕೇಳಿ, ಮನೆಯ ಕಷಾಯದಿಂದ ಶಮನವಾಗುವ ಬಾಧೆಯೆಂದು ಭಾವಿಸಿದರೆ ಅವರನ್ನು ದೂರುವಂತಿಲ್ಲ. ಆದರೆ ತೀವ್ರವಾದ ಉರಿಯೂತವನ್ನು ಹಾಗೆಯೇ ಬಿಟ್ಟರೆ ಕೋಶದ ಭಿತ್ತಿಯು ಕೊಳೆತು ರಂಧ್ರ ಬೀಳುವುದುಂಟು.

ಇನ್ನು ಚಿತ್ರದ ವಿಚಾರ. 1895ರಲ್ಲಿ ರಾಂಟ್‌ಗೆನ್ನನು ಕಂಡುಹಿಡಿದ ಕ್ಷಕಿರಣಗಳಿಗೆ ಎಲುಬು ಕಂಡಂತೆ ಈ ಮೃದುವಾದ ಚೀಲವು ಕಾಣದು. 1924ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಎವಾರ್ಟ್ಸ್ ಗ್ರಹಾಂ, ವಾರನ್ ಕೋಲ್ ಎಂಬವರು ಬ್ರೋಮಿನ್ ಕೂಡಿದ ದ್ರವ್ಯವನ್ನು ರಕ್ತನಾಳಕ್ಕೆ ಸೇರಿಸಿ, ಯಕೃತ್ತಿನ ಮೂಲಕ ಅದು ಪಿತ್ತದೊಡನೆ ಕೋಶವನ್ನು ತುಂಬಿದಾಗ ಅದರ ನೆರಳನ್ನು ಪಡೆದರು. ಇಲ್ಲಿ ಗಮನಿಸತಕ್ಕ ಸ್ವಾರಸ್ಯವೆಂದರೆ, ಸ್ವಸ್ಥವಾದ ಕೋಶವು ಕಾಣಿಸುತ್ತಿತ್ತು. ರೋಗವು ಕಾಣದಿರುವಿಕೆಯಿಂದ ತಿಳಿಯುತ್ತಿತ್ತು. ಟೆಕ್ನೀಷಿಯಂ ಎಂಬ ವಿಕಿರಣದ್ರವ್ಯವನ್ನು ಬಳಸುವ ಇಂದಿನ ಪರೀಕ್ಷೆಯ ತರ್ಕವೂ ಅದೇ. 4 ಗಂಟೆ ಕಳೆದರೂ ಕೋಶವು ಮೂಡದಿದ್ದರೆ ಅದರ ನಾಳವು ಮುಚ್ಚಿದೆಯೆಂದು ಊಹೆ. ಭಾಟ್ಟಮೀಮಾಂಸಕರ ಅನುಪಲಬ್ಧಿಯು ಅಭಾವವನ್ನು ತಿಳಿಸಿ ನಿಲ್ಲುತ್ತದೆ. ಇಲ್ಲಿಯಾದರೋ ಅದರ ಮೇಲೆ ಅನುಮಾನವೊಂದನ್ನು ಕಟ್ಟಬೇಕು. ಆ ಅನುಮಾನವೂ ನಿರಪವಾದವಲ್ಲ. ಬಹುಕಾಲ ಉಪವಾಸವಿದ್ದವನ ಕೋಶವು ನಾಳ ತೆರೆದಿದ್ದರೂ ಮೂಡದಿರಬಹುದು.

ಈಗ ಮೊದಲು ಮಾಡುವುದು ಅಲ್ಟ್ರಾಸೌಂಡ್ ಪರೀಕ್ಷೆ. ಕಲ್ಲು, ಅದರ ಹಿಂದೆ ಬೀಳುವ ನೆರಳು, 3 ಮಿಲಿಮೀಟರಿಗೆ ಮೀರಿದ ಭಿತ್ತಿ, ಸುತ್ತ ಕೂಡಿದ ನೀರು, ಇವು ಅದರಲ್ಲಿ ಕಾಣುವ ಚಿಹ್ನೆಗಳು. ಭಿತ್ತಿ ದಪ್ಪವಾಗಿದೆ, ಆದುದರಿಂದ ಉರಿಯೂತವಿದೆಯೆಂಬ ವಾದವನ್ನು ನೈಯಾಯಿಕನು ಕೂಡಲೇ ತಡೆಯುತ್ತಾನೆ. ಏಕೆಂದರೆ ಹೃದಯದ ದೌರ್ಬಲ್ಯ, ಯಕೃತ್ತಿನ ರೋಗ, ಡೆಂಗೀ ಜ್ವರ ಇವುಗಳಲ್ಲಿಯೂ ಭಿತ್ತಿಯು ದಪ್ಪವಾಗುತ್ತದೆ. ಹೇತುವು ಸವ್ಯಭಿಚಾರ. ಕಲ್ಲಿದ್ದೂ ಉರಿಯೂತವಿಲ್ಲದವರು ಅನೇಕರು. ಆದಕಾರಣ ಪರೀಕ್ಷಕನು ಪರದೆಯನ್ನು ನೋಡುತ್ತಲೇ ಕೋಶವಿರುವ ಸ್ಥಳವನ್ನು ಉಪಕರಣದಿಂದ ಒತ್ತಿ, ಅತ್ಯಧಿಕ ನೋವು ಅಲ್ಲಿಯೇ ಇದೆಯೇ ಎಂದು ವಿಚಾರಿಸುತ್ತಾನೆ. ಷಿಕಾಗೋ ನಗರದ ಶಸ್ತ್ರವೈದ್ಯ ಮರ್ಫಿಯ ಹೆಸರಿನ ಚಿಹ್ನೆಯ ರೂಪಾಂತರವಿದು. ಯಂತ್ರವು ಕೊನೆಗೆ ರೋಗಿಯ ಮಾತನ್ನೇ ಆಶ್ರಯಿಸಿತು! 2018ರ ಟೋಕಿಯೋ ಸೂತ್ರಗಳು ಸಹ ಸ್ಥಾನಿಕಲಕ್ಷಣ, ಜ್ವರಾದಿ ಸರ್ವಾಂಗಲಕ್ಷಣ, ಚಿತ್ರ ಈ ಮೂರೂ ಕೂಡಿದಲ್ಲಿ ಮಾತ್ರ ನಿರ್ಣಯವನ್ನು ನಿಶ್ಚಿತವೆನ್ನುತ್ತವೆ. ಮೊದಲೆರಡೇ ಇದ್ದರೆ ಶಂಕಿತ.

ಅನುವಾದಕನ ಪರೀಕ್ಷೆಯೂ ಇಲ್ಲಿಯೇ. ‘ಕೋಶವು ಮೂಡಲಿಲ್ಲ’ ಎನ್ನಬೇಕಾದ ವರದಿಯನ್ನು ‘ಕೋಶವಿಲ್ಲ’ ಎಂದು ಬರೆದರೆ, ಅದನ್ನು ಯಾರೋ ಆಗಲೇ ಕತ್ತರಿಸಿ ತೆಗೆದಿದ್ದಾರೆಂದು ರೋಗಿಯು ತಿಳಿದಾನು. ‘ದ್ರವ್ಯವು ಕೋಶವನ್ನು ಹೊಗಲಿಲ್ಲ’ ಎಂಬುದು ಇವೆರಡಕ್ಕಿಂತ ಮೇಲು. ಅಲ್ಲಿ ಕಂಡದ್ದೂ ಊಹಿಸಿದ್ದೂ ಬೇರೆಬೇರೆಯಾಗಿ ಉಳಿಯುತ್ತವೆ.