'ಇಮ್ ವಾಲ್ಡ್': ಶ್ರುತಿಕಟುವಿನ ಗುಣದೋಷವಿಚಾರ

ಸ್ವಿಟ್ಜರ್ಲೆಂಡಿನ 'ಪೇಯಿಜಾಜ್ ದಿವೇರ್' ಹೆಸರಿಗೆ ಗೋಷ್ಠಿಯಾದರೂ ಅದರ ಕರ್ತೃ ವಿಂಟ್‌ಹೆರ್ ಎಂಬ ನಾಮಾಂತರದ ಒಬ್ಬನೇ. 1997ರಲ್ಲಿ ಮೊದಲಾದ ಈ ಬ್ಲ್ಯಾಕ್ ಮೆಟಲ್ ಪ್ರಯತ್ನದ 'ಇಮ್ ವಾಲ್ಡ್', ಎಂದರೆ 'ಕಾಡಿನಲ್ಲಿ', 2020ರಲ್ಲಿ ಹೊರಬಂದಿತು. 13 ರಚನೆಗಳು, ಸುಮಾರು 2 ಗಂಟೆಗಳ ಶ್ರವಣ.

ಗಿಟಾರಿನ ಎಡೆಬಿಡದ ಮೊರೆತದಲ್ಲಿ ಜರ್ಮನ್ ನುಡಿಗಳು ಮುಳುಗಿಹೋಗುತ್ತವೆ. ಇದನ್ನು ಶ್ರುತಿಕಟುವೆಂದು ತಳ್ಳಬಹುದೆ? ಶ್ರುತಿದುಷ್ಟಾದಿಗಳು ಅನಿತ್ಯದೋಷಗಳೆಂದೂ ಶೃಂಗಾರದಲ್ಲಿ ಮಾತ್ರವೇ ತ್ಯಾಜ್ಯವೆಂದೂ ಆನಂದವರ್ಧನನ ಮತ. ಇಲ್ಲಿಯ ರಸವು ಭಯಾನಕ. ಆ ಮೊರೆತವೇ ಹಿಮದ ಬಿರುಗಾಳಿ. ನುಡಿ ಕೇಳದಿರುವುದೇ ಒಂಟಿ ಪಥಿಕನ ಅವಸ್ಥೆ. ಆದುದರಿಂದ ಕಾರ್ಕಶ್ಯವು ಇಲ್ಲಿ ಗುಣವೇ ಸರಿ.

ದೋಷವಿರುವುದು ವಿಸ್ತಾರದಲ್ಲಿ. ನಡುನಡುವೆ ಬರುವ ಶಾಂತಭಾಗಗಳು ಸಾಲವು. ಎರಡನೆಯ ಗಂಟೆಯಲ್ಲಿ ಭಯವು ಕಿವಿಗೆ ರೂಢಿಯಾಗಿಬಿಡುತ್ತದೆ. ರೂಢಿಯಾದ ಭಯದಿಂದ ರಸವು ಪುಷ್ಟವಾಗದು.